ಅಜ್ಜಿಗೆ ಏರದ ರಕ್ತದೊತ್ತಡ

ಎಲ್ಲ ಎಡವಟ್ಟಿಗೂ ಕಾರಣ ಅಜ್ಜಿಯ ರಕ್ತದೊತ್ತಡ ಸರಿಯಾಗಿದ್ದದ್ದು.

ಸಂಶೋಧಕ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದ. ಬಲಗೈ ಆಯಿತು, ಎಡಗೈಯೂ ಆಯಿತು. ಯಂತ್ರ ಹಟಕ್ಕೆ ಬಿದ್ದಂತೆ ಅದನ್ನೇ ತೋರಿಸಿತು: ನೂರಿಪ್ಪತ್ತು, ಎಂಬತ್ತು. ಈ ಮನೆಯ ಮಗ, ಮಗಳು, ಕಾಲೇಜಿಗೆ ಹೋಗುವ ಮೊಮ್ಮಗಳು ಎಲ್ಲರಿಗೂ ಒತ್ತಡ ಏರಿ ಕೂತಿತ್ತು. ಮನುಷ್ಯನ ವಂಶವಾಹಿಯಲ್ಲಿರುವ ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಅಕ್ಷರ ಇವರಲ್ಲಿ ಬೇರೆ. ಕಿಡ್ನಿ ಉಪ್ಪನ್ನು ಬಿಟ್ಟುಕೊಡದಂತೆ ಮಾಡುವ ಅಕ್ಷರ. ಅದು ಅಜ್ಜಿಯಿಂದಲೇ ಇಳಿದು ಬಂದದ್ದೆಂದು ರಕ್ತಪರೀಕ್ಷೆ ಹೇಳಿತ್ತು. ಕೊಟ್ಟ ಅಜ್ಜಿ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದ್ದಳು!

"ಅಜ್ಜಿ, ಮಾತ್ರೆ ಏನಾದ್ರೂ ತಗೋತೀರಾ?"

"ಮಾತ್ರೆನಾ? ನಾನು ಮುಟ್ಟೋದೂ ಇಲ್ಲ ಅಂತ ಈ ಬೀದಿಗೆಲ್ಲಾ ಗೊತ್ತು!"

ಸಂಶೋಧಕನಿಗೆ ಮೈ ಜುಮ್ಮೆಂದಿತು. ಹಾಗಾದರೆ ಆ ಅಕ್ಷರದ ಬಾಯಿ ಮುಚ್ಚಿಸುವ ಮತ್ತೇನೋ ಇದೇ ರಕ್ತದಲ್ಲಿರಬೇಕು. ಅದು ಸಿಕ್ಕರೆ ಲೋಕದಲ್ಲಿ ಎಷ್ಟು ಜನ ಬದುಕಿಕೊಂಡಾರು! ಸಂಜೆಯೊಳಗೆ ಹೊಸದೇನನ್ನೂ ತೋರಿಸದಿದ್ದರೆ ಸಂಶೋಧನೆಗೆ ಬೀಗ ಎಂದು ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥೆ ಬೆಳಗ್ಗೆಯಷ್ಟೇ ಗುಡುಗಿದ್ದರು. ಅವನು ಅವರಿಗೇ ಫೋನು ಮಾಡಿದ.

ಮುಖ್ಯಸ್ಥೆ ತಮ್ಮದೇ ಯಂತ್ರ ಹಿಡಿದು ಬಂದರು. ಅವರ ಹಿಂದೆಯೇ ಅರ್ಧ ಬೀದಿ ಒಳಗೆ ನುಗ್ಗಿತು.

"ಅಜ್ಜಿ ಸಿಟ್ಟನ್ನ ಒಳಗಿಟ್ಕೊಳ್ಳಲ್ಲ ಮೇಡಂ, ಎಲ್ಲಾ ನಮ್ಮ ಮೇಲೆ ಸುರೀತಾರೆ" ಎಂದ ಪಕ್ಕದ ಮನೆಯ ದರ್ಜಿ. "ಅವರ ಬಿಪಿ ಎಲ್ಲಿ ಹೋಯ್ತು ಅಂದ್ರೆ, ನನಗೆ ಬಂತು!"

ಮತ್ತದೇ ನೂರಿಪ್ಪತ್ತು, ಎಂಬತ್ತು. ಮುಖ್ಯಸ್ಥೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವರು ಬೆರಗಾದದ್ದನ್ನು ಸಂಶೋಧಕ ಹಿಂದೆಂದೂ ಕಂಡಿರಲಿಲ್ಲ.

"ನಾಳೆಯಿಂದ ಅಜ್ಜಿನ ನಮ್ಮ ವಾರ್ಡಲ್ಲೇ ಇಟ್ಕೊಳ್ಳೋಣ. ಊಟ, ನೀರು ಎಲ್ಲಾ ನಮ್ದೇ."

ಸಂಶೋಧಕನ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ ಅಜ್ಜಿಯ ಸೊಸೆ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಣ್ಣಾ, ವಾರ್ಡು ಬೇಡ! ಡಾಕ್ಟ್ರು ಬರೆದುಕೊಟ್ಟ ಬಿಪಿ ಮಾತ್ರೇನ ವರ್ಷಗಳಿಂದ ದಿನಾ ಅತ್ತೆ ಹಾಲಿಗೆ ನಾನೇ ಪುಡಿ ಮಾಡಿ ಹಾಕ್ತಿದೀನಿ. ಗೊತ್ತಾದ್ರೆ ಹಾಲನ್ನೂ ಬಿಟ್ಟುಬಿಡ್ತಾರೆ. ಆಮೇಲೆ ಅವರು ನಮಗೆ ಉಳಿಯಲ್ಲ."

ಅವನ ಲೋಕಪ್ರಸಿದ್ಧಿ ಅಲ್ಲೇ ಗಾಳಿಗೆ ಹೋಯಿತು. ಆದರೂ ಅವನು ಅವಳನ್ನೇ ನೋಡುತ್ತ ನಿಂತ. ಆ ಮನೆಯ ಅಕ್ಷರ ಅವಳ ರಕ್ತದಲ್ಲಿರಲಿಲ್ಲ. ಇಷ್ಟು ವರ್ಷ ಅದನ್ನು ಹಿಡಿದು ನಿಲ್ಲಿಸಿದವಳು ಅವಳೇ. ಅವನಿಗೆ ಕೈಮುಗಿಯಬೇಕೆನ್ನಿಸಿತು.

ಹೊರಗೆ ಅಜ್ಜಿಯೂ ಮುಖ್ಯಸ್ಥೆಯೂ ಅಕ್ಕಪಕ್ಕ ಕೂತು ಅವನಿಗಾಗಿ ಕಾಯುತ್ತಿದ್ದರು. ಅವನು ಮುಖ್ಯಸ್ಥೆಯ ಎದುರು ಹೋಗಿ ನಿಂತ.

"ಮೇಡಂ, ತಪ್ಪಾಯ್ತು. ರಕ್ತದ ನಳಿಕೆ ಅದಲುಬದಲು ಮಾಡ್ಬಿಟ್ಟಿದೀನಿ. ಅಜ್ಜಿ ರಕ್ತದಲ್ಲಿ ಆ ಅಕ್ಷರಾನೇ ಇಲ್ಲ."

ಮುಖ್ಯಸ್ಥೆ ಎದ್ದು ನಿಂತರು. "ನಿನ್ನ ಸಂಶೋಧನೆ ಇಲ್ಲಿಗೆ ಮುಗೀತು. ನಾಳೆಯಿಂದ ನಳಿಕೆಗೆ ಹೆಸರು ಅಂಟಿಸು. ಅದನ್ನಾದ್ರೂ ಕಲಿ!"

ಅವರ ಹಿಂದೆಯೇ ಬೀದಿಯೂ ಖಾಲಿಯಾಯಿತು. ಯಂತ್ರ ಸುತ್ತಿಡುತ್ತಿದ್ದ ಅವನನ್ನು ಅಜ್ಜಿ ಕಣ್ಣಲ್ಲೇ ಹತ್ತಿರ ಕರೆದಳು.

"ಯಾಕಪ್ಪಾ ಸುಳ್ಳು ಹೇಳಿದೆ? ಹಾಲಿನ ವಿಷಯ ಹೇಳಿದ್ಲಾ?"

ಅವನಿಗೆ ತಲೆ ಗಿರ್ರೆಂದಿತು. "ನಿಮಗೆ... ಗೊತ್ತಾ?"

"ಅಷ್ಟು ಕಹಿ ಗೊತ್ತಾಗಲ್ವಾ? ಸುಮ್ನೆ ಕೆಲಸ ಕೆಡಿಸ್ಕೊಂಡ್ಯಲ್ಲೋ! ನನ್ನ ಕಿವಿಗೆ ಒಂದು ಮಾತು ಹಾಕ್ಬಾರ್ದಿತ್ತಾ?" ಅಜ್ಜಿ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅವಳ ಹತ್ರ ಬಾಯಿಬಿಟ್ಟೀಯ, ಜೋಕೆ. ಲೋಟ ಖಾಲಿಯಾಗೋ ತನಕ ನನ್ನ ಪಕ್ಕದಲ್ಲೇ ಕಾವಲು ಕೂತಿರ್ತಾಳೆ. ಇಡೀ ದಿನದಲ್ಲಿ ಅವಳು ಕೂರೋದು ಅಷ್ಟೇ ಹೊತ್ತು."