ಗೇಣಿಗೆ ಕೊಟ್ಟ ಬ್ಲಾಗು

ಕಡೆಯುವ ಕಲ್ಲು ಮಾರುವ ಅಂಗಡಿಯ ಬ್ಲಾಗಿನಲ್ಲಿ ಕಲ್ಲೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಬರೆಯಬಲ್ಲವರು ಇಡೀ ಉಡುಪಿ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರು ತಮಗೆ ಹೇಗೆ ಬಂತೆಂದು ಅವರು ಮೂರು ಕಂತು ಬರೆದಾರು!

ನಮ್ಮ ಅಂಗಡಿ ಇರುವುದು ಕಾಪುವಿನಲ್ಲಿ, ಕಲ್ಲು ಬರುವುದು ಕಾರ್ಕಳದಿಂದ. ಬೋರ್ಡಿನಲ್ಲಿ ಹೆಸರು ನನ್ನದು, ಕಲ್ಲು ಆರಿಸುವ ಕೈ ಭಾವನದ್ದು. ಅವರು ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿ ಇಟ್ಟು ಕೇಳುತ್ತಾರೆ, ಆಮೇಲೆ "ಇದು ಒಳ್ಳೆ ಜನ" ಅಥವಾ "ಇದು ಸ್ವಲ್ಪ ಕೋಪಿಷ್ಠ" ಎನ್ನುತ್ತಾರೆ. ಕೋಪಿಷ್ಠ ಕಲ್ಲಿನಲ್ಲಿ ಕಡೆದ ಚಟ್ನಿ ಖಾರವಾಗುತ್ತದೆಯೇ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿದ್ದೆ. ಉತ್ತರ ಮುಗಿಯುವಾಗ ಊಟದ ಹೊತ್ತಾಗಿತ್ತು.

ಮಿಕ್ಸಿಯ ಕಾಲದಲ್ಲಿ ಕಲ್ಲು ಯಾರಿಗೆ ಬೇಕು? ಬೇಕಾದವರಿದ್ದಾರೆ. ಕೆಲವರಿಗೆ ಬಾಯಿರುಚಿ ಬಿಡುವುದಿಲ್ಲ. ಇನ್ನು ಕೆಲವರು ಮಣಿಪಾಲದ ಫ್ಲ್ಯಾಟಿನಲ್ಲಿ ಅದರ ಮೇಲೆ ಹೂವಿನ ಕುಂಡ ಇಡುತ್ತಾರೆ. ಇಂಥವರೆಲ್ಲ ಈಗ ಮೊಬೈಲಿನಲ್ಲೇ ಅಂಗಡಿ ಹುಡುಕುತ್ತಾರೆಂದು ಮಗಳು ಈ ಬ್ಲಾಗು ಮಾಡಿಕೊಟ್ಟು ಗಂಡನ ಮನೆಗೆ ಹೋದಳು. ಹೋಗುವಾಗ, "ಮಾವ, ವಾರಕ್ಕೊಂದು ಬರೆಯಿರಿ ಆಯ್ತಾ" ಎಂದಳು. ಅವಳಿಗೆ ತನ್ನ ಮಾವನ ಪರಿಚಯ ಸಾಲದು.

ಮೊದಲ ಲೇಖನದ ತಲೆಬರಹ "ಒಳ್ಳೆಯ ಕಲ್ಲನ್ನು ಆರಿಸುವುದು ಹೇಗೆ?" ಚೆನ್ನಾಗಿದೆ ಅಲ್ಲವೇ? ಒಳಗೆ ಭಾವ ಕಲ್ಲು ಆರಿಸಲು ಕಾರ್ಕಳದ ಬಸ್ಸು ಹತ್ತುತ್ತಾರೆ. ಕಿಟಕಿಯ ಪಕ್ಕದಲ್ಲಿ ಹಲಸಿನ ಹಣ್ಣನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು. ಆ ಹಣ್ಣಿಗೆ ಟಿಕೆಟು ಬೇಕೋ ಬೇಡವೋ ಎಂದು ಕಂಡಕ್ಟರನಿಗೂ ಅವಳಿಗೂ ಚರ್ಚೆ. ಭಾವನ ಮಧ್ಯಸ್ಥಿಕೆ. ಬಸ್ಸು ಕಾರ್ಕಳ ಮುಟ್ಟುತ್ತದೆ, ಲೇಖನ ಮುಗಿಯುತ್ತದೆ. ಕೊನೆಯ ಸಾಲು: "ಕಲ್ಲಿನ ವಿಷಯ ತಾಳ್ಮೆಯಿಂದ ಹೇಳಬೇಕಾದದ್ದು."

ಅವರು ಟೈಪು ಮಾಡುವುದು ಒಂದೇ ಬೆರಳಿನಲ್ಲಿ. ಒಮ್ಮೆ ನಂದಿಕೂರಿನಿಂದ ಗಿರಾಕಿಯೊಬ್ಬರು ಬಂದು ನಿಂತಿದ್ದರು.

"ಒಂದು ನಿಮಿಷ ಕೂತ್ಕೊಳ್ಳಿ. ಒತ್ತಕ್ಷರ ಒಂದು ಸಿಗ್ತಾ ಇಲ್ಲ," ಎಂದರು ಭಾವ.

"ಯಾವುದು?"

"ಜ್ಞಾನದ್ದು."

ಗಿರಾಕಿ ನಿವೃತ್ತ ಮೇಷ್ಟ್ರು. ಇಬ್ಬರೂ ತಲೆಗೆ ತಲೆ ತಾಗಿಸಿ ಅರ್ಧ ಗಂಟೆ ಹುಡುಕಿದರು. ಸಿಕ್ಕಿತು! ಮೇಷ್ಟ್ರು ಸಂತೋಷದಿಂದ ಕೈಕುಲುಕಿ ಹೊರಟೇಬಿಟ್ಟರು. ಕಲ್ಲು ಇಲ್ಲೇ ಉಳಿಯಿತು.

ಇನ್ನು ಓದುಗರ ಪ್ರಶ್ನೆಗಳು. ಹೊಸ ಕಲ್ಲನ್ನು ಹೇಗೆ ಪಳಗಿಸುವುದೆಂದು ದುಬೈಯಿಂದ ಒಬ್ಬರು ಕೇಳಿದರು. ಎರಡು ಸಲ ತೌಡು ಕಡೆದು ಚೆಲ್ಲಿ ಎಂದರೆ ಮುಗಿಯಿತಲ್ಲ? ಭಾವ ಬರೆದದ್ದು: "ತಮ್ಮ ತಾಯಿಯವರು ಪೆರ್ಡೂರಿನವರೋ?" ಹೌದಂತೆ. ಹತ್ತು ಪ್ರಶ್ನೆಗಳ ನಂತರ ಆ ತಾಯಿ ನಮ್ಮ ದೊಡ್ಡತ್ತೆಯ ನಾದಿನಿಯ ಕಡೆಯವರೆಂದು ಸಾಬೀತಾಯಿತು. ಆ ಮನುಷ್ಯ ರಜೆಯಲ್ಲಿ ಬಂದವರು ನೇರ ನಮ್ಮ ಮನೆಗೇ ಊಟಕ್ಕೆ ಬಂದರು. ತೌಡಿನ ವಿಷಯ ಇವತ್ತಿಗೂ ಅವರಿಗೆ ಗೊತ್ತಿಲ್ಲ.

ನನಗೆ ತಲೆಬಿಸಿ. ಅಷ್ಟರಲ್ಲಿ ಮಣಿಪಾಲದ ಒಂದು ಕಂಪೆನಿಯ ಹುಡುಗಿ ಫೋನು ಮಾಡಿದಳು. ಉತ್ತರ ಭಾರತದ ಕಡೆಯವಳು, ಕಲಿತ ಕನ್ನಡ. "ಸರ್, ನಿಮ್ಮ ಬ್ಲಾಗನ್ನು ನಾವೇ ನೋಡಿಕೊಳ್ಳುತ್ತೇವೆ. ವಾರಕ್ಕೆ ಎರಡು ಲೇಖನ, ಚಿತ್ರ ಸಮೇತ. ನೀವು ಏನೂ ಮಾಡಬೇಕಾಗಿಲ್ಲ."

ಏನೂ ಮಾಡಬೇಕಾಗಿಲ್ಲ ಎನ್ನುವುದು ಈ ಪ್ರಾಯದಲ್ಲಿ ಎಷ್ಟು ಹಿತವಾದ ಮಾತು! ಆದರೂ ಕೊಡುವುದೋ ಬೇಡವೋ ಎಂದು ಒಂದು ವಾರ ಒದ್ದಾಡಿ ಕೊನೆಗೆ ಹೆಂಡತಿಯ ಹತ್ತಿರ ಹೇಳಿದೆ.

"ಬ್ಲಾಗನ್ನು ಗೇಣಿಗೆ ಕೊಡುವುದಾ?" ಎಂದಳು ಅವಳು. "ನಿಮ್ಮ ಅಪ್ಪ ಗೇಣಿಗೆ ಕೊಟ್ಟ ಗದ್ದೆ ವಾಪಸ್ ಬಂತಾ?"

"ಇದು ಗದ್ದೆ ಅಲ್ಲ ಮಾರಾಯ್ತಿ."

"ಅಣ್ಣನಿಗೆ ಅದೇ ಗದ್ದೆ. ಅತ್ತಿಗೆ ಹೋದ ಮೇಲೆ ಅವನಿಗೆ ಮಾತಾಡಲಿಕ್ಕೆ ಬೇರೆ ಯಾರುಂಟು? ಮೊದಲು ಅವನನ್ನು ಕೇಳಿ."

ನಾನು ಕೇಳಲಿಲ್ಲ. ಕೇಳಿದರೆ ಅವರು ಒಪ್ಪಿಬಿಡುತ್ತಾರೆಂದು ನನಗೆ ಗೊತ್ತಿತ್ತು, ಒಪ್ಪುವಾಗಿನ ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಆದ್ದರಿಂದ ಒಂದು ಸುಳ್ಳು ಹೇಳಿದೆ: "ಭಾವ, ಬ್ಲಾಗು ಒಂದು ತಿಂಗಳು ರಿಪೇರಿಗೆ ಹೋಗಿದೆ."

"ರಿಪೇರಿಯಾ? ಅದಕ್ಕೆಂತ ಟಯರ್ ಉಂಟಾ ಭಾವ?" ಎಂದು ನಕ್ಕರು. ನಂಬಿದರು.

ಆ ಹುಡುಗಿ ಬರೆಯಲು ವಿಷಯ ಕೇಳಿದಳು. ನಾನು ಭಾವನ ನೋಟುಪುಸ್ತಕದ ಒಂದು ಪುಟದ ಫೋಟೋ ತೆಗೆದು ಕಳಿಸಿದೆ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಕಡೆಯುವ ಕಲ್ಲಿನ ಗುಂಡನ್ನು ತೊಳೆದು, ಬಟ್ಟೆ ಸುತ್ತಿ, ಮಗುವಿಗಿಂತ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸುವ ಕ್ರಮವಿದೆ. ಮಗುವೂ ಗುಂಡಿನ ಹಾಗೆ ಗಟ್ಟಿಯಾಗಿರಲಿ ಎಂದು. ಗುಂಡನ್ನು ಎತ್ತಿದ ಮೇಲೆಯೇ ಮಗು. ಭಾವ ಬರೆದಿಟ್ಟದ್ದು ಮಾತ್ರ ಒಂದೇ ಸಾಲು: "ತೊಟ್ಟಿಲಲ್ಲಿ ಗುಂಡು ಮಲಗಿಸಿ, ಮಗು ಮಲಗಿಸುವುದು." ಗುಂಡನ್ನು ಎತ್ತಬೇಕು ಎಂದು ನಮ್ಮವರಿಗೆ ಬರೆದು ಹೇಳಬೇಕೇ?

ಸೋಮವಾರ ಬೆಳಿಗ್ಗೆ ಲೇಖನ ಬಂತು. "ನಿಮ್ಮ ಕಂದನ ಸುಖನಿದ್ರೆಗೆ ನಮ್ಮ ಕಲ್ಲಿನ ಗುಂಡು!" ಕೆಳಗೆ ಬಣ್ಣದ ಚಿತ್ರ: ಗುಂಡುಕಲ್ಲಿನ ಮೇಲೆ ತಲೆಯಿಟ್ಟು ನಗುತ್ತ ಮಲಗಿದ ಹಸುಗೂಸು. ಅದರ ಕೆಳಗೆ, "ಮೂರು ಗಾತ್ರಗಳಲ್ಲಿ ಲಭ್ಯ."

ಹತ್ತು ಗಂಟೆಯೊಳಗೆ ಫೋನು ಕಾದು ಹಂಚಾಯಿತು. ಕಲ್ಯಾಣಪುರದ ಒಬ್ಬ ಅಜ್ಜಿ, "ನಿಮಗೆ ಮಕ್ಕಳು ಮರಿ ಉಂಟಾ ಇಲ್ವಾ? ಮಗುವಿನ ತಲೆಯಡಿಗೆ ಕಲ್ಲಾ?" ಎಂದು ಕೇಳಿದ್ದು ಮಾತ್ರ ಬರೆಯಬಹುದು. ಉಳಿದದ್ದು ಬರೆಯುವ ಹಾಗಿಲ್ಲ. ನಾನು ಬೆವರುತ್ತಿದ್ದಾಗ ಬಾಗಿಲಲ್ಲಿ ಭಾವ ನಿಂತಿದ್ದರು. ಅವರ ಕೈಯಲ್ಲೂ ಮೊಬೈಲು, ಅದರಲ್ಲೂ ಅದೇ ಕೂಸು.

ನನ್ನ ಕೈಯಿಂದ ಫೋನು ತೆಗೆದುಕೊಂಡು ಕುಳಿತರು. ಸಂಜೆಯವರೆಗೆ ಅಷ್ಟೂ ಜನರಿಗೆ ತೊಟ್ಟಿಲ ಶಾಸ್ತ್ರ ವಿವರಿಸಿದರು. ಬೈಯಲು ಫೋನು ಮಾಡಿದವರು ತಮ್ಮ ಮನೆಯ ಬಾಣಂತಿಯ ಸುದ್ದಿ ಹೇಳಿ ಫೋನು ಇಟ್ಟರು. ಕಲ್ಯಾಣಪುರದ ಅಜ್ಜಿ ಮೊಮ್ಮಗುವಿನ ತೊಟ್ಟಿಲಿಗೆಂದು ಒಂದು ಗುಂಡನ್ನೇ ಹೇಳಿಟ್ಟರು!

ಮರುದಿನ ಬ್ಲಾಗು ತೆರೆದೆ. ಆ ಲೇಖನ ಅಲ್ಲಿರಲಿಲ್ಲ. ಆ ಜಾಗದಲ್ಲಿ ಭಾವನ ಹೆಸರಿನಲ್ಲಿ ನಾಲ್ಕೇ ಸಾಲು. ಅವರು ಜೀವಮಾನದಲ್ಲಿ ಬರೆದ ಅತಿ ಚಿಕ್ಕ ಲೇಖನ ಅದು. "ನಿನ್ನೆಯ ತಪ್ಪು ನನ್ನದು. ವಯಸ್ಸಾಯಿತು, ಕೈತಪ್ಪಿ ಹೀಗಾಯಿತು. ಅಂಗಡಿಯವರ ತಪ್ಪಿಲ್ಲ, ಕ್ಷಮಿಸಿ. ಇನ್ನು ಮುಂದೆ ಇಲ್ಲಿ ನಾನು ಬರೆಯುವುದಿಲ್ಲ."

ಓಡಿದೆ. ಅವರು ಜಗಲಿಯಲ್ಲಿ ಬಾಳೆಕಾಯಿ ಹೆಚ್ಚುತ್ತಿದ್ದರು.

"ಇದೆಂತ ಭಾವ ನೀವು ಬರೆದದ್ದು?"

"ಜನ ನನ್ನನ್ನು ಹೇಗೂ ಅರೆಮರುಳ ಅಂತಲೇ ತಿಳಿದಿದ್ದಾರೆ. ಇನ್ನೊಂದು ಸೇರಿದರೆ ಎಂತ ಆಗ್ತದೆ? ಬೋರ್ಡಿನಲ್ಲಿ ನಿಮ್ಮ ಹೆಸರುಂಟಲ್ಲ, ನಾಳೆ ಅಲ್ಲಿ ಕೂರಬೇಕಾದವರು ನೀವು." ಆಮೇಲೆ, "ತಂಗಿ ಎಲ್ಲ ಹೇಳಿದಳು. ಆ ಹುಡುಗಿಗೆ ಬೈದಿಲ್ಲ ಅಲ್ವಾ? ನಮ್ಮ ಕ್ರಮ ಅವಳಿಗೆ ಹೇಗೆ ಗೊತ್ತಿರ್ತದೆ?" ಎಂದರು.

ಇದನ್ನು ಅದೇ ಬ್ಲಾಗಿನಲ್ಲಿ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯ ನಂತರ ನಾನು ಬರೆದ ಮೊದಲ ಪ್ರಬಂಧ. ಆ ಲೇಖನ ಭಾವನದ್ದಲ್ಲ. ಅವರ ಬ್ಲಾಗನ್ನು ಅವರಿಗೆ ತಿಳಿಸದೆ ಬೇರೆಯವರಿಗೆ ಕೊಟ್ಟವನು ನಾನು. ನಾನು ಅವರಿಗೆ ಮೋಸ ಮಾಡಿದೆ.

ಹಾಕುವ ಮೊದಲು ಅವರಿಗೆ ಓದಿ ಹೇಳಿದೆ. ಕಣ್ಣುಮುಚ್ಚಿ ಕೇಳಿದರು. ಶನಿವಾರದಿಂದ ಮತ್ತೆ ಬರೆಯುತ್ತೀರಾ ಎಂದು ಕೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, "ಭಾವ, 'ಮೋಸ ಮಾಡಿದೆ' ಅಂದದ್ದು ದೊಡ್ಡ ಶಬ್ದ ಆಯ್ತು. 'ಹೇಳಲು ಮರೆತೆ' ಅಂತ ಮಾಡಿ" ಎಂದರು.

ನಾನು ತಿದ್ದಲಿಲ್ಲ.