ಉಬ್ಬದ ಮೊಟ್ಟೆ

ಸೌತೆಕಾಯಿಯ ಪರವಾಗಿ ಹೆಂಡತಿಯೊಡನೆ ಜಗಳಾಡಿದ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಅಕ್ಕನ ಗಂಡ!

ಅರವತ್ತರ ದಶಕದ ಕೊನೆಯ ಮಾತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕೊಚ್ಚಿಯಲ್ಲಿ ಗುಮಾಸ್ತನಾಗಿದ್ದೆ. ಉಡುಪಿ ಕಡೆಯಿಂದ ಅಮ್ಮ ಬಂದಳು, ಅವಳ ಹಿಂದೆ ಅಕ್ಕ ಮತ್ತು ಭಾವ. ಹಿನ್ನೀರಿನ ದಂಡೆಯ ಆ ಪುಟ್ಟ ಬಾಡಿಗೆಮನೆಯಲ್ಲಿ ಅಕ್ಕನ ಸಂಸಾರ ನಡೆಯುತ್ತಿದ್ದದ್ದು ಹಳೆಯ ಸೀರೆಯೊಂದರ ಪರದೆಯ ಹಿಂದೆ. ಭಾವ ಖಾಸಗಿ ಶಾಲೆಯೊಂದರಲ್ಲಿ ತಾತ್ಕಾಲಿಕ ವಿಜ್ಞಾನ ಮೇಷ್ಟ್ರು. ಅವರಲ್ಲಿ ಕಾಯಂ ಆಗಿದ್ದದ್ದು ಒಂದೇ, ಆಸ್ಮಾಸಿಸ್ ಎಂಬ ಹುಚ್ಚು!

ಅಕ್ಕ ಕೋಸಂಬರಿಗೆ ಉಪ್ಪು ಹಾಕಲು ಹೊರಟರೆ ಭಾವ ಜನಿವಾರ ಹಿಡಿದುಕೊಂಡು ಅಡುಗೆಮನೆಗೆ ಓಡಿಬರುತ್ತಿದ್ದರು.

"ಈಗಲೇ ಬೇಡ! ಎಲೆಗೆ ಬಡಿಸುವಾಗ ಹಾಕು. ಸೌತೆಕಾಯಿಯ ಒಂದೊಂದು ಜೀವಕೋಶವೂ ನೀರು ತುಂಬಿದ ತೆಳ್ಳಗಿನ ಚೀಲ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರೆಲ್ಲ ಹೊರಗೆ ಬರ್ತದೆ!"

"ನಿಮ್ಮನ್ನು ಕಟ್ಟಿಕೊಂಡ ಮೇಲೆ ನನ್ನ ಕಣ್ಣಿಂದಲೂ ಬರ್ತಾ ಉಂಟು," ಅನ್ನುತ್ತಿದ್ದಳು ಅಕ್ಕ.

ಕೊಚ್ಚಿಯ ಕಲೂರಿನಲ್ಲಿ ನನ್ನ ಸಹೋದ್ಯೋಗಿಯ ಮದುವೆ. ಪಾಯಸದಿಂದ ಒಂದು ದ್ರಾಕ್ಷಿಯನ್ನು ಎತ್ತಿ ಹಿಡಿದು ಭಾವ ಇಡೀ ಪಂಕ್ತಿಗೆ ತೋರಿಸಿದರು. "ನೋಡಿ, ಒಣಗಿದ್ದದ್ದು ನೀರು ಕುಡಿದು ಹೇಗೆ ಉಬ್ಬಿದೆ! ಮದುಮಗನೂ ಇಷ್ಟು ಉಬ್ಬಿಲ್ಲ!" ಮದುಮಗನ ಮಾವ ಎದ್ದು ಬೇರೆ ಪಂಕ್ತಿಯಲ್ಲಿ ಕೂತರು. ನಾನು? ಈ ಮನುಷ್ಯನ ಪರಿಚಯವೇ ಇಲ್ಲದವನ ಹಾಗೆ ಉಪ್ಪಿನಕಾಯಿ ನೆಕ್ಕುತ್ತಿದ್ದೆ.

ಅಷ್ಟರಲ್ಲಿ ತಿರುವನಂತಪುರದ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಕಾಯಂ ಕೆಲಸ, ಜೊತೆಗೆ ಕ್ವಾರ್ಟರ್ಸ್! ಅಕ್ಕ ಪರದೆಯ ಹಿಂದಿನಿಂದಲೇ ಹೊಸ ಅಡುಗೆಮನೆಯ ಒಲೆ ಯಾವ ಮೂಲೆಗೆ ಎಂದು ಯೋಚಿಸತೊಡಗಿದಳು. ಸಂದರ್ಶನದಲ್ಲಿ ಒಂದು ಪ್ರಯೋಗ ಮಾಡಿ ತೋರಿಸಬೇಕು. ಭಾವ ಆರಿಸಿದ್ದು ಬಾತುಕೋಳಿಯ ಎರಡು ಮೊಟ್ಟೆ. ವಿನೆಗರಿನಲ್ಲಿ ನೆನೆಹಾಕಿದರೆ ಚಿಪ್ಪು ಕರಗಿ ತೆಳ್ಳಗಿನ ಪೊರೆ ಮಾತ್ರ ಉಳಿಯುತ್ತದೆ. ಅಂಥ ಮೊಟ್ಟೆ ಒಳ್ಳೆಯ ನೀರಿನಲ್ಲಿ ಉಬ್ಬುತ್ತದೆ, ಸಕ್ಕರೆ ಪಾಕದಲ್ಲಿ ಕುಗ್ಗುತ್ತದೆ.

ಶುದ್ಧ ಸಸ್ಯಾಹಾರಿ ಅಮ್ಮ ವಿನೆಗರಿನ ಭರಣಿಯೊಳಗೆ ಇಣುಕಿ, "ಎಂತ ಹಣ್ಣು ಇದು, ಇಷ್ಟು ಚಂದ ಉಂಟಲ್ಲ?" ಎಂದು ಪಕ್ಕದ ಮನೆಯ ಚೇಚ್ಚಿಯನ್ನು ಕೇಳಿದಳು.

"ಅಯ್ಯೋ ಅಮ್ಮೇ, ತಾರಾವಿಂಡೆ ಮುಟ್ಟ!"

ಮುಟ್ಟ ಅಂದರೆ ಮೊಟ್ಟೆ ಎಂದು ತಿಳಿಯಲು ಮಲಯಾಳ ಕಲಿಯಬೇಕೆ! ಅಮ್ಮ ಭರಣಿಯನ್ನು ಮುಟ್ಟಿಯೂ ಆಗಿತ್ತು. ತಲೆಗೆ ನೀರು ಸುರಿದುಕೊಂಡು ಬಂದವಳೇ ಮೊಟ್ಟೆಗಳನ್ನು ಹಿತ್ತಿಲ ಬಾವಿಕಟ್ಟೆಗೆ ಗಡೀಪಾರು ಮಾಡಿದಳು. ಆಗ ಬೇಸಿಗೆ. ಬೇಸಿಗೆ ಬಂದರೆ ಆ ಬಾವಿಯಲ್ಲಿ ಹಿನ್ನೀರಿನ ಉಪ್ಪು. ಬಟ್ಟೆ ಒಗೆಯಲಷ್ಟೇ ಲಾಯಕ್ಕು. ಕುಡಿಯುವ ನೀರಿಗೆ ರಸ್ತೆ ತಿರುವಿನ ನಲ್ಲಿಗೇ ಹೋಗಬೇಕು.

ಹೊರಡುವ ಹಿಂದಿನ ಸಂಜೆ ಭಾವ ಪಾಕ ಕಾಯಿಸುತ್ತಾ, "ನಲ್ಲಿ ನೀರು ತಂದು ಇನ್ನೊಂದು ಭರಣಿಗೆ ತುಂಬು ಮಾರಾಯ," ಎಂದರು. ನಾನು ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದೆ. ಒಳ್ಳೆಯ ಎಲೆ ಬಂದಿತ್ತು. ತಿರುವಿನ ತನಕ ಯಾರು ಹೋಗುತ್ತಾರೆ? ಬಾವಿಯಿಂದ ಒಂದು ಕೊಡ ಸೇದಿ ತುಂಬಿಸಿಬಿಟ್ಟೆ.

"ನಲ್ಲಿಯದ್ದೇ ಅಲ್ಲವಾ?"

"ಮತ್ತೆಂತ, ಸಮುದ್ರದ್ದಾ ಭಾವ?" ಎಂದೆ. ಜಗಲಿಯಲ್ಲಿ ಎಲ್ಲರೂ ನಕ್ಕರು. ಭಾವನೂ ನಕ್ಕರು.

ಕುಲುಕಾಡದಂತೆ ಹುಲ್ಲು ಸುತ್ತಿದ ಭರಣಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದವನೂ ನಾನೇ. ಸಂದರ್ಶನದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಪಾಕದ ಮೊಟ್ಟೆ ಮುದುಕಿಯ ಕೆನ್ನೆಯಂತೆ ಕುಗ್ಗಿತ್ತು. ಭಾವ ಖುಷಿಯಿಂದ, "ಇನ್ನು ಇದು ಹೇಗೆ ಉಬ್ಬಿದೆ ನೋಡಿ!" ಎಂದು ಎರಡನೆಯದರ ಹುಲ್ಲು ಬಿಚ್ಚಿದರು.

ಮೊಟ್ಟೆ ಉಬ್ಬಿರಲಿಲ್ಲ. ಕುಗ್ಗಿರಲೂ ಇಲ್ಲ. ಸುಮ್ಮನೆ ಕೂತಿತ್ತು.

"ಮಾಷೇ, ವೀರ್ತಿಲ್ಲಲ್ಲೋ!" ಉಬ್ಬಲೇ ಇಲ್ಲವಲ್ಲ ಮೇಷ್ಟ್ರೇ, ಎಂದು ಹಿರಿಯರೊಬ್ಬರು ನಕ್ಕರು.

ಭಾವ ಭರಣಿಯೊಳಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, "ಉಪ್ಪು ನೀರು," ಎಂದರು. ಮೇಜಿನಾಚೆ ಕೂತವರು ಮುಖ ಕಿವುಚಿದರು. ಒಳಗಿನಷ್ಟೇ ಉಪ್ಪು ಹೊರಗೂ ಇದ್ದರೆ ನೀರು ಅತ್ತ ಹೋಗುವುದೂ ಇಲ್ಲ, ಇತ್ತ ಬರುವುದೂ ಇಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೀರು ತುಂಬಿಸಿದ್ದು ಯಾರು?" ಎಂದು ಆ ಹಿರಿಯರು ಕೇಳಿದರು.

ಭಾವ ಬಾಗಿಲ ಕಡೆ ನೋಡಿದರು. ನಾನು ನೆಲ ನೋಡಿದೆ.

"ನಾನೇ ಸಾರ್," ಎಂದರು.

ತಾನು ತುಂಬಿದ ನೀರು ಯಾವುದೆಂದೇ ಗೊತ್ತಿಲ್ಲದ ಮೇಷ್ಟ್ರಿಗೆ ಯಾರು ಕೆಲಸ ಕೊಡುತ್ತಾರೆ? ಮುಂದಿನ ಅಭ್ಯರ್ಥಿಯನ್ನು ಕರೆದರು. ಅಕ್ಕ ಆ ಪರದೆಯ ಹಿಂದೆಯೇ ಎರಡು ಮಕ್ಕಳನ್ನು ಹೆತ್ತಳು. ಭಾವ ನಿವೃತ್ತರಾಗುವ ವಯಸ್ಸಿನವರೆಗೂ ತಾತ್ಕಾಲಿಕವಾಗಿಯೇ ಉಳಿದರು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಒಂದು ಮಾತು ಹೇಳಲು ನನಗೆ ಅಷ್ಟು ವರ್ಷ ಸಿಕ್ಕಿತ್ತು, ಹೇಳಲಿಲ್ಲ.

ಅಂದು ನಾವು ವಾಪಸು ಬರುವ ಬಸ್ಸು ಆಲಪ್ಪುಳ ದಾಟಿತು. ಆಮೇಲೆ ಅವರು ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು:

"ನಿನ್ನೆ ನಲ್ಲಿಯ ಹತ್ತಿರ ತುಂಬಾ ಜನ ಇದ್ದರಾ?"

"ಹೌದು ಭಾವ, ತುಂಬಾ," ಎಂದೆ.

"ಮತ್ತೆ ನೀನಾದರೂ ಎಂತ ಮಾಡ್ತಿ, ಪಾಪ," ಎಂದು ಎದ್ದು, ಕಿಟಕಿಯ ಬದಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು.