ಶಿದ್ಲಿಂಗಪ್ಪನ ಒಂದು ದಿನದ ಡಿಗ್ರಿ

ಆಡೂರಿನ ಶಿದ್ಲಿಂಗಪ್ಪನಿಗೆ ಲೋಕದಲ್ಲಿ ಗೊತ್ತಿಲ್ಲದ ಸಂಗತಿಗಳು ಬೇಕಾದಷ್ಟಿದ್ದವು. ಆದರೆ ‘ಗೊತ್ತಿಲ್ಲ’ ಎಂಬ ಒಂದು ಮಾತು ಮಾತ್ರ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಆ ದಿನದ ತಾಪತ್ರಯವೆಲ್ಲ ಹುಟ್ಟಿದ್ದು ಅಲ್ಲಿಂದಲೇ, ಹಾನಗಲ್ಲ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ, ಬೆಳಗಿನ ಹತ್ತು ಗಂಟೆಗೆ.

ಅರ್ಧ ತಾಸಿನ ಹಿಂದೆ ಅವನು ಮಗಳು ಸವಿತಾಳ ಜೊತೆ ಅಂಬರೀಶನ ಕಂಪ್ಯೂಟರ್ ಸೆಂಟರಿನಲ್ಲಿದ್ದ. ಸವಿತಾ ಪಿಯುಸಿ ಮುಗಿಸಿ, ಸಿಇಟಿ ಬರೆದು, ಒಳ್ಳೆಯ ರ‍್ಯಾಂಕನ್ನೇ ತಂದಿದ್ದಳು. ಯಾವ ಕಾಲೇಜು, ಯಾವ ಕೋರ್ಸು ಬೇಕೆಂದು ಒಂದರ ಕೆಳಗೊಂದು ಪಟ್ಟಿ ಹಾಕಲು ಅವತ್ತು ಸಂಜೆ ಐದು ಗಂಟೆಯೇ ಕೊನೆ. ಮೇಲಿದ್ದದ್ದು ಸಿಕ್ಕರೆ ಕೆಳಗಿನದನ್ನು ಕೇಳುವ ಹಾಗಿಲ್ಲ. ಅಂಬರೀಶ ಶಿದ್ಲಿಂಗಪ್ಪನ ಫೋನಿಗೆ ಬಂದ ನಂಬರು ಕೇಳಿ ಹಾಕಿಕೊಂಡು, ಸವಿತಾ ಹೇಳಿದಂತೆ ಹದಿನೆಂಟು ಹೆಸರು ತುಂಬಿಸಿ ಗಟ್ಟಿಯಾಗಿ ಓದಿದ. ಮೊದಲನೆಯದು ಹಾವೇರಿಯ ಕಾಲೇಜು, ಬರೀ ಕಂಪ್ಯೂಟರ್ ಸಾಯನ್ಸು. ಹದಿನೆಂಟನೆಯದು ತುಮಕೂರಿನಾಚೆ ಎಲ್ಲೋ ಒಂದು ಕಾಲೇಜು, ಸೈಬರ್ ಸೆಕ್ಯೂರಿಟಿ. ಇರಲಿ ಅಂತ ಹಾಕಿದ್ದು.

“ಅಪ್ಪಾ, ನಾ ಇಲ್ಲೇ ಅತ್ತಿ ಮನ್ಯಾಗ ಇರ್ತೇನಿ. ನಾಕಕ್ಕ ಬಂದು ಇನ್ನೊಮ್ಮೆ ನೋಡಿ ಲಾಕ್ ಮಾಡಿದ್ರ ಮುಗೀತು. ನನ್ನ ಫೋನು ರಿಪೇರಿಗೆ ಕೊಟ್ಟೈತಿ, ಹುಡುಕಬ್ಯಾಡ,” ಎಂದು ಸವಿತಾ ಹೋದಳು. ಶಿದ್ಲಿಂಗಪ್ಪ ಚಹಾಕ್ಕೆ ಬಂದ. ಅಲ್ಲಿ ಊರಿನ ಮಲ್ಲೇಶಪ್ಪ ಕುಂತಿದ್ದ.

“ಏನಪಾ ಶಿದ್ಲಿಂಗಣ್ಣ, ಮಗಳನ್ನ ಯಾವುದಕ್ಕ ಹಚ್ಚಿದಿ?”

“ಕಂಪ್ಯೂಟರಿಗೆ.”

“ಕಂಪ್ಯೂಟರಿನ್ಯಾಗ ಯಾವುದಪಾ? ಈಗ ಅದರಾಗೂ ಒಳಪಂಗಡ ಆಗ್ಯಾವಂತ. ನಮ್ಮ ಹುಡುಗಂದೂ ಇವತ್ತ ಹಾಕಬೇಕು, ಒಂದೂ ತಿಳೀವಲ್ದು.”

ಚಹಾದಂಗಡಿಯವರೆಲ್ಲ ಇತ್ತ ತಿರುಗಿದರು. ಅಂಬರೀಶ ಓದಿದ ಹದಿನೆಂಟರಲ್ಲಿ ಶಿದ್ಲಿಂಗಪ್ಪನ ಕಿವಿಯಲ್ಲಿ ಉಳಿದದ್ದು ಕಟ್ಟಕಡೆಯದೊಂದೇ. ಯಾರಿಗೆ ಫೋನ್ ಹಚ್ಚಿದರೂ ಮೊದಲು ಒಬ್ಬ ಹೆಣ್ಣುಮಗಳು ‘ಸೈಬರ್ ವಂಚಕರಿದ್ದಾರೆ, ಎಚ್ಚರ’ ಎಂದು ಹೇಳುತ್ತಿದ್ದಳಲ್ಲ, ಹಾಗಾಗಿ ಆ ಹೆಸರು ಅವನಿಗೆ ಪರಿಚಯದ್ದು.

“ಸೈಬರ್ ಸೆಕ್ಯೂರಿಟಿ,” ಎಂದುಬಿಟ್ಟ.

ಮಲ್ಲೇಶಪ್ಪ ಬಸಿಯಲ್ಲಿನ ಚಹಾ ಹಾಗೇ ಕೆಳಗಿಟ್ಟ. “ಹೌದಾ! ಅದನ್ನ ಓದಿ ಏನ ಮಾಡ್ತಾರಪಾ?”

ಶಿದ್ಲಿಂಗಪ್ಪನ ಪುಣ್ಯಕ್ಕೆ ಅಷ್ಟರಲ್ಲಿ ಶಿಗ್ಗಾಂವದ ಬಸ್ಸು ಬಂತು. “ಬಂದ ಮ್ಯಾಲೆ ಹೇಳ್ತೇನಿ ತಡಿ,” ಎಂದು ಓಡಿ ಹತ್ತಿಕೊಂಡ.

ಹೊರಟಿದ್ದು ಗೋವಿನಜೋಳದ ಬೀಜಕ್ಕೆ. ಆದರೆ ಕಿಟಕಿ ಪಕ್ಕ ಕುಂತ ಮೇಲೆ ಮಲ್ಲೇಶಪ್ಪನ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಕಾಡತೊಡಗಿತು. ಬೀಜದಂಗಡಿಯಲ್ಲಿ ಒಂದು ಪಾಕೀಟಿಗೆ ಇಪ್ಪತ್ತು ಪ್ರಶ್ನೆ ಕೇಳುವ ಮನುಷ್ಯ ಅವನು. ಎಷ್ಟು ದಿನದ ಬೆಳೆ, ಎಷ್ಟು ನೀರು, ಹುಳ ಬಿದ್ದರೆ ತಡೆಯುತ್ತದೋ ಇಲ್ಲವೋ. ಮಗಳು ಬಿತ್ತಲು ಹೊರಟಿದ್ದು ನಾಲ್ಕು ವರ್ಷದ ಬೆಳೆ, ಅದರ ಬಗ್ಗೆ ಒಂದನ್ನೂ ಕೇಳಿರಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಯಿತು. ಶಿಗ್ಗಾಂವದಲ್ಲಿ ಇಳಿದವನು ಬೀಜದಂಗಡಿಯ ಕಡೆ ನೋಡದೆ ನೆಟ್ಟಗೆ ಡಿಗ್ರಿ ಕಾಲೇಜಿಗೆ ನಡೆದ. ಅಲ್ಲಿ ಕಂಪ್ಯೂಟರ್ ಕಲಿಸುವ ಮೃತ್ಯುಂಜಯ ಸರ್ ಆಡೂರಿನವರೇ. ಅವರ ಹೊಲಕ್ಕೂ ಇವನ ಹೊಲಕ್ಕೂ ನಡುವೆ ಇದ್ದದ್ದು ಒಂದೇ ಬದು.

“ಬರ್ರಿ ಶಿದ್ಲಿಂಗಣ್ಣ, ಕುಂತ್ರಿ. ಬದುವಿಂದೇನರ ತಕರಾರೇನು?”

“ಬದು ಅಲ್ಲೇ ಐತ್ರಿ ಸರ. ಈ ಕಂಪ್ಯೂಟರ್ ಬೆಳಿ ಎಷ್ಟ ದಿನದ್ದು ಹೇಳ್ರಿ.”

ಸರ್ ನಕ್ಕರು. ಆದರೆ ಕೇಳಿದವನ ಮುಖದಲ್ಲಿ ತಮಾಷೆ ಇರಲಿಲ್ಲ. “ಬಿಸಿಎ, ಬಿಎಸ್ಸಿ ಆದ್ರ ಮೂರು ವರ್ಷ. ಬಿಇ ಆದ್ರ ನಾಕು.”

“ಅದರಾಗ ತಳಿ ಎಷ್ಟು?”

“ಭಾಳ ಅದಾವು. ಎಐ ಅಂತ ಒಂದು. ಯಂತ್ರಕ್ಕ ಬುದ್ಧಿ ಕಲಿಸೂದು. ಎಲ್ಲಿ, ಈ ಫೋನಿನ್ಯಾಗ ಒಂದೆರಡು ಮಾತಾಡ್ರಿ.”

ಶಿದ್ಲಿಂಗಪ್ಪ ಮಳೆ ಬೆಳೆಯ ವಿಚಾರ ನಾಲ್ಕು ಮಾತಾಡಿದ. ಸರ್ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದರು. ಒಂದು ನಿಮಿಷಕ್ಕೆ ಅದರೊಳಗಿಂದ ಶಿದ್ಲಿಂಗಪ್ಪನದೇ ದನಿ, ಅದೇ ಕೆಮ್ಮಿನ ಸಮೇತ ಹೊರಟಿತು: “ನಾ ಆಡೂರಿನ ಶಿದ್ಲಿಂಗಪ್ಪ. ನಮ್ಮ ಬದು ಎರಡು ಮಾರು ಮೃತ್ಯುಂಜಯ ಸರಗ ಬಿಟ್ಟು ಕೊಟ್ಟೇನಿ.”

ಶಿದ್ಲಿಂಗಪ್ಪ ಕುರ್ಚಿಯಿಂದ ಎದ್ದೇ ನಿಂತ. “ಸುಳ್ಳರೀ! ನಾ ಹಂಗ ಅಂದೇ ಇಲ್ಲ!”

“ಅದಕ್ಕ ತೋರಿಸಿದ್ದು. ಕುಂತ್ರಿ, ಬದು ನಿಮ್ದ. ಇನ್ನ ಡೇಟಾ ಸಾಯನ್ಸ್ ಅಂತ ಮತ್ತೊಂದು. ಯಾರು ಎಲ್ಲಿ ಹೋಗ್ತಾರ, ಏನ ತಗೋತಾರ, ಎಲ್ಲಾ ಕೂಡಿಸಿ ಮುಂದ ಏನ ಮಾಡ್ತಾರ ಅಂತ ಹೇಳೂದು.”

“ನಮ್ಮ ಎತ್ತಿನ ಹೆಸರೂ ಅವ್ರಿಗೆ ಗೊತ್ತಿರ್ತೈತೇನ್ರಿ?”

“ನೀವ ಫೋನಿನ್ಯಾಗ ಫೋಟೋ ಹಾಕಿ ಹೆಸರು ಬರದಿದ್ರ ಗೊತ್ತಿರ್ತೈತಿ.”

ಶಿದ್ಲಿಂಗಪ್ಪ ಜೇಬಿನ ಫೋನನ್ನು ಅಂಗೈಯಿಂದ ಮುಚ್ಚಿಕೊಂಡ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿದ ಬಿಳಿ ಎತ್ತಿನ ಫೋಟೋವನ್ನು ‘ನಮ್ಮ ಮೈಲಾರಿ’ ಎಂದು ಬರೆದು ಸ್ಟೇಟಸ್ಸಿಗೆ ಹಾಕಿದ್ದ. ಸ್ವಲ್ಪ ಸುಧಾರಿಸಿಕೊಂಡು ಕೇಳಿದ. “ರೋಗ ಬರ್ತೈತೇನ್ರಿ ಈ ಬೆಳಿಗೆ?”

“ಬರ್ತೈತಿ. ಮೊದಲ ಹೊಸಾ ಹುಡುಗರು ಮಾಡ್ತಿದ್ದ ಸಣ್ಣಪುಟ್ಟ ಕೆಲಸ ಈಗ ಎಐನ ಮಾಡಾಕತ್ತೈತಿ. ಅದಕ್ಕ ಬೇರು ಗಟ್ಟಿ ಇರಬೇಕು. ನನ್ನ ಕೇಳಿದ್ರ, ಬರೀ ಕಂಪ್ಯೂಟರ್ ಸಾಯನ್ಸ್ ಅಂದ್ರ ಹದಾ ಮಾಡಿದ ಹೊಲ. ನಾಕು ವರ್ಷದ ಮ್ಯಾಲೆ ಯಾವ ಮಳಿ ಬರ್ತೈತಿ ಯಾರಿಗೆ ಗೊತ್ತು? ಹೊಲ ಹದಾ ಇದ್ರ ಬೇಕಾದ್ದು ಬಿತ್ತಬಹುದು. ಬ್ಯಾಂಕು, ದವಾಖಾನಿ, ಸರಕಾರಿ ಕಚೇರಿ, ನಮ್ಮಂಗ ಕಾಲೇಜು, ಎಲ್ಲಾ ಕಡೆ ಕೆಲಸ ಐತಿ.”

ಶಿದ್ಲಿಂಗಪ್ಪನಿಗೆ ಕಣ್ಣು ತುಂಬಿ ಬಂತು. ತಾನು ಬಸ್ಸು ಹತ್ತಿ ಬಂದು, ಕುಂತು, ಕೇಳಿ ತಿಳಿದುಕೊಂಡದ್ದನ್ನು ಮಗಳು ತಾನೇ ವಿಚಾರ ಮಾಡಿ ಪಟ್ಟಿಯ ಮೊದಲಿಗೆ ಬರೆದಿದ್ದಳು. ಅದೂ ಹಾವೇರಿಯಲ್ಲಿ, ವಾರಕ್ಕೊಮ್ಮೆ ಮನೆಗೆ ಬಂದು ಹೋಗುವಷ್ಟು ಹತ್ತಿರದಲ್ಲಿ. ಒಮ್ಮೆ ಅವಳ ಎದುರು ನಿಂತು ‘ಛಲೋ ಆರಿಸಿದಿ ತಂಗೀ’ ಎನ್ನಬೇಕೆಂದು ಅವನಿಗೆ ಬಹಳ ಅನ್ನಿಸಿತು. ಬೀಜ ತೆಗೆದುಕೊಂಡು, ಮೂರೂಮುಕ್ಕಾಲರ ಹಾನಗಲ್ಲ ಬಸ್ಸು ಹಿಡಿದ.

ಆದರೂ ಮಲ್ಲೇಶಪ್ಪನಿಗೆ ಕೊಡಬೇಕಾದ ಉತ್ತರ ಸಿಕ್ಕಿರಲಿಲ್ಲ. ಪಕ್ಕದಲ್ಲಿ ಕುಂತವಳು ಸವಣೂರಿನ ದಿಲ್ಶಾದ. ಶಿಗ್ಗಾಂವದ ಬ್ಯಾಂಕಿನಲ್ಲಿ ನೌಕರಿ, ಹಾನಗಲ್ಲಿನ ಅಕ್ಕನ ಮನೆಗೆ ಸವಣೂರಿನ ವೀಳ್ಯದೆಲೆ ಕಟ್ಟಿಸಿಕೊಂಡು ಹೊರಟಿದ್ದಳು. ಬ್ಯಾಂಕು ಎಂದ ಕೂಡಲೇ ಶಿದ್ಲಿಂಗಪ್ಪ ಕೇಳಿಯೇಬಿಟ್ಟ. “ಸೈಬರ್ ಸೆಕ್ಯೂರಿಟಿ ಓದಿ ಏನ ಮಾಡ್ತಾರವಾ?”

“ಅದು ಬೀಗದ ವಿದ್ಯಾ ಕಾಕಾ. ಕಳ್ಳ ಹೆಂಗ ಬರ್ತಾನ ಅಂತ ಕಳ್ಳನಕಿಂತ ಮೊದಲ ವಿಚಾರ ಮಾಡೂದು. ಆದ್ರ ಅವ್ರು ಎಷ್ಟ ಬೀಗಾ ಹಾಕಿದ್ರೂ ಮನಿಯವ್ರ ಚಾವಿ ಕೊಟ್ರ ಏನ ಮಾಡೂದು? ಫೋನಿಗೆ ಆರು ಅಂಕಿ ಓಟಿಪಿ ಬರ್ತೈತಲ್ಲ, ಅದ ಚಾವಿ. ಹೆಂಡ್ತಿ ಕೇಳಿದ್ರೂ ಕೊಡಬಾರದು. ಮೊನ್ನೆ ಒಬ್ರು ಮಗನ ದನಿ ಕೇಳಿ ಕೊಟ್ಟು, ಇದ್ದದ್ದೆಲ್ಲಾ ಕಳಕೊಂಡ್ರು.”

ಶಿದ್ಲಿಂಗಪ್ಪ ತಲೆದೂಗಿದ. ಇಂಥ ವಿದ್ಯೆ ಜಗತ್ತಿನಲ್ಲಿದೆ ಎಂದು ಅವನಿಗೆ ಐವತ್ತೆರಡು ವರ್ಷ ಯಾರೂ ಹೇಳಿರಲಿಲ್ಲ.

ನಾಲ್ಕೂವರೆಗೆ ಅವನ ಅಂಗಿಯ ಜೇಬು ಗುರ್ರೆಂದಿತು. ತೆಗೆದು ನೋಡಿದರೆ ಇಂಗ್ಲಿಷಿನಲ್ಲಿ ಏನೋ ಬರೆದು, ನಡುವೆ ಆರು ಅಂಕಿ.

“ಬ್ಯಾಂಕಿನ ಬಾಯಾರ, ಬಂತ್ರೀ! ಆರು ಅಂಕಿ!”

ದಿಲ್ಶಾದ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. “ನನಗೂ ತೋರಿಸಬ್ಯಾಡ್ರಿ ಕಾಕಾ! ಕಾಯ್ದೆ ಅಂದ್ರ ಕಾಯ್ದೆ. ಈಗ ಫೋನ್ ಬರ್ತೈತಿ ನೋಡ್ರಿ.”

ಬಂತು. ಗುರುತಿಲ್ಲದ ನಂಬರು.

“ಅಪ್ಪಾ, ನಾನು ಸವಿತಾ. ನಿನ್ನ ಫೋನಿಗೆ ಓಟಿಪಿ ಬಂದೈತಿ, ಲಗೂನ ಹೇಳು!”

ಥೇಟ್ ಮಗಳದೇ ದನಿ. ಶಿದ್ಲಿಂಗಪ್ಪ ಫೋನಿನ ಬಾಯಿ ಅಂಗೈಯಿಂದ ಮುಚ್ಚಿ ಬಸ್ಸಿಗೆಲ್ಲ ಕೇಳುವಂತೆ ಪಿಸುಗುಟ್ಟಿದ. “ನನ್ನ ಮಗಳ ದನಿ ಕದ್ದಾರ್ರೀ!”

ಕಂಡಕ್ಟರು ಟಿಕೆಟ್ಟು ಕೊಡುವುದು ಬಿಟ್ಟು ಬಂದ. ಹಿಂದಿನ ಸೀಟಿನ ಮುದುಕ ಎದ್ದು ನಿಂತು, “ಏನರ ಮನಿ ಗುಟ್ಟು ಕೇಳ್ರಿ, ಸಿಕ್ಕಬೀಳ್ತಾರ,” ಎಂದ.

“ನಮ್ಮ ಬಿಳಿ ಎತ್ತಿನ ಹೆಸರೇನವಾ?”

“ಮೈಲಾರಿ. ಅಪ್ಪಾ, ಇದೇನ ಕೇಳ್ತಿ? ಐದಕ್ಕ ಬಂದ್ ಆಗ್ತೈತಿ, ಹೇಳೋ!”

ಅಂಗೈ ಮತ್ತೆ ಮುಚ್ಚಿತು. “ಎತ್ತಿನ ಹೆಸರೂ ಐತ್ರಿ ಅವ್ರ ಹತ್ರ! ಸರ್ ಹೇಳಿದ್ದು ಖರೆ!”

ಆ ಕಡೆ ಅಳು ಕೇಳಿಸಿತು. ಬಿಕ್ಕಿ ಬಿಕ್ಕಿ ಅಳು. ಒಂದು ಗಳಿಗೆ ಶಿದ್ಲಿಂಗಪ್ಪನಿಗೆ ಅಂಕಿ ಹೇಳಿಬಿಡೋಣವೆನಿಸಿತು. ಆದರೆ ಮೃತ್ಯುಂಜಯ ಸರ್ ಅವರ ಯಂತ್ರ ತನ್ನ ಕೆಮ್ಮನ್ನೂ ಕಲಿತಿತ್ತಲ್ಲ. “ಅಳೂದನ್ನೂ ಕಲಿಸ್ಯಾರ್ರಿ ಇದಕ್ಕ,” ಎಂದ.

“ಕಟ್ ಮಾಡ್ರಿ ಕಾಕಾ,” ಎಂದಳು ದಿಲ್ಶಾದ.

“ಕಟ್ ಯಾಕ? ಸುಳ್ಳ ನಂಬರ್ ಕೊಟ್ಟು ಆಟಾ ಆಡಸ್ರಿ ಮಕ್ಕಳನ್ನ!” ಎಂದ ಕಂಡಕ್ಟರು. ಇಡೀ ಬಸ್ಸು ಹೌದು ಹೌದೆಂದಿತು.

ಶಿದ್ಲಿಂಗಪ್ಪ ದನಿಯಲ್ಲಿ ಬೆಲ್ಲ ಬೆರೆಸಿ, “ಅಳಬ್ಯಾಡ ತಂಗೀ, ಬರಕೋ,” ಎಂದು ಊರಿನ ಪಿನ್‌ಕೋಡ್ ಹೇಳಿದ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ, “ತಪ್ಪು ಅಂತ ಬಂತು ಅಪ್ಪಾ, ಸರೀ ನೋಡು.” ಕಂಡಕ್ಟರು ಟಿಕೆಟ್ಟಿನ ಮೇಲಿನ ನಂಬರು ತೋರಿಸಿದ, ಶಿದ್ಲಿಂಗಪ್ಪ ಅದನ್ನು ಓದಿದ. ಅದೂ ತಪ್ಪು. ಮೂರನೆಯ ಸಲ ಬಸ್ಸಿನ ಆರು ಮಂದಿ ಒಬ್ಬೊಬ್ಬರು ಒಂದೊಂದು ಅಂಕಿ ದಾನ ಮಾಡಿದರು. ಮುದುಕ ಎಂಟು ಎಂದ, ಕಂಕುಳಲ್ಲಿ ಕೂಸಿದ್ದವಳು ನಾಲ್ಕು ಎಂದಳು.

“ಅಪ್ಪಾ... ಬಂದ್ ಆತಲ್ಲೋ,” ಎಂದು ಫೋನು ಸುಮ್ಮನಾಯಿತು.

“ಬಂದ್ ಆತಂತ್ರೀ ಅವ್ರ ಅಂಗಡಿ!” ಬಸ್ಸೆಲ್ಲ ಚಪ್ಪಾಳೆ. ಇನ್ನೊಮ್ಮೆ ಬಂದಾರೆಂದು ಕಂಡಕ್ಟರೇ ಫೋನು ಇಸಿದುಕೊಂಡು ಸ್ವಿಚ್ ಆಫ್ ಮಾಡಿ ಕೊಟ್ಟ. ದಿಲ್ಶಾದ ಎಲೆಯ ಕಟ್ಟಿನಿಂದ ಒಂದು ಕವಳಿ ಎಲೆ ತೆಗೆದು ಕೊಟ್ಟು, “ನಿಮ್ಮಂಥಾವ್ರ ಊರಿಗೊಬ್ರು ಇರಬೇಕು ಕಾಕಾ,” ಎಂದಳು.

ಐದೂ ಇಪ್ಪತ್ತಕ್ಕೆ ಬಸ್ಸು ಹಾನಗಲ್ಲ ಮುಟ್ಟಿತು. ಬಸ್‌ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಮೇಲೆ ಸವಿತಾ ಕುಂತಿದ್ದಳು. ಪಕ್ಕದಲ್ಲಿ ಅಂಬರೀಶ, ತಪ್ಪು ಮಾಡಿದ ಎಮ್ಮೆಯ ಹಾಗೆ ತಲೆ ಬಗ್ಗಿಸಿ ನಿಂತಿದ್ದ.

“ತಂಗೀ, ಇವತ್ತ ಏನಾತ ಗೊತ್ತೈತೇನು? ಯಾರೋ ಥೇಟ್ ನಿನ್ನ ದನಿಯೊಳಗ...”

“ಅದು ನಾನ ಅಪ್ಪಾ.”

ದಿಲ್ಶಾದ ಎಲೆಯ ಚೀಲ ಹಿಡಿದು ಅಕ್ಕನ ಮನೆಯ ದಾರಿಯಲ್ಲಿ ಬಿರಬಿರನೆ ನಡೆದಳು. ಅಂಬರೀಶ ಬಾಯಿ ಬಿಟ್ಟ. “ಕಾಕಾ, ಮುಂಜಾನೆ ಮಲ್ಲೇಶಪ್ಪ ಕಾಕಾ ಬಂದು, ಶಿದ್ಲಿಂಗಪ್ಪ ಮಗಳಿಗೆ ಸೈಬರ್ ಹಾಕ್ಯಾನ, ನಮ್ಮ ಹುಡುಗಗೂ ಅದನ್ನ ಹಾಕು ಅಂದ್ರು. ನೋಡ್ತೇನಿ, ಸವಿತಾನ ಪಟ್ಟಿಯೊಳಗ ಅದು ಹದಿನೆಂಟನೇದು! ನಾನ ಉಲ್ಟಾ ಹೊಡದೇನಿ ಅಂತ ಹೆದರಿ, ಅದನ್ನ ಮ್ಯಾಲೆ ತಂದು ಲಾಕ್ ಮಾಡಿಬಿಟ್ಟೆ. ಪುಟ ತೆರದ ಇತ್ತು. ನಿಮಗ ತ್ರಾಸ ಬ್ಯಾಡ ಅಂತ.”

“ಆ ಲಾಕ್ ತಗ್ಯಾಕ ನಿನ್ನ ಓಟಿಪಿ ಬೇಕಾಗಿತ್ತು,” ಎಂದಳು ಸವಿತಾ.

ಶಿದ್ಲಿಂಗಪ್ಪ ಕಟ್ಟೆಯ ಮೇಲೆ ಕುಸಿದು ಕುಂತ. ಚಹಾದಂಗಡಿಯಲ್ಲಿ ಹೇಳಿದ ಒಂದು ಸುಳ್ಳು ಇಷ್ಟು ದೂರ ನಡೆದು ತನ್ನ ಮನೆಗೇ ಬಂದದ್ದು ಅವನಿಗೆ ನಿಧಾನಕ್ಕೆ ತಿಳಿಯಿತು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ಕೈಗೆ ಕೆಲಸ ಬೇಕೆಂದು ಫೋನು ಚಾಲೂ ಮಾಡಿದ. ಟಣ್ ಎಂದು ಒಂದು ಮೆಸೇಜು ಬಂತು. ಸವಿತಾ ಕಸಿದುಕೊಂಡು ಓದಿದಳು. ಅವಳ ಮುಖ ಅರಳಿತು. “ಅಪ್ಪಾ! ತಾರೀಖು ಮುಂದ ಹೋಗೈತಿ! ನಾಳೆ ಮಧ್ಯಾಹ್ನ ಹನ್ನೆರಡರ ತನಕಾ!”

ಮೂವರೂ ಸೆಂಟರಿಗೆ ಓಡಿದರು. ಶಿದ್ಲಿಂಗಪ್ಪ ದಾರಿಯುದ್ದಕ್ಕೂ ಫೋನನ್ನು ಕೈಯಲ್ಲಿ ಎತ್ತಿ ಹಿಡಿದು, “ಈ ಸಲ ಅಂಕಿ ಬರೂದರಾಗ ಹೇಳ್ತೇನಿ,” ಎನ್ನುತ್ತಿದ್ದ. ಅಂಬರೀಶ ಕಂಪ್ಯೂಟರ್ ಒತ್ತಿದ. ಪರದೆಯ ಮೇಲೆ ಕೆಂಪು ಅಕ್ಷರ ಬಂದವು. ಅವನು ಅದನ್ನು ಬಹಳ ಮೆಲ್ಲಗೆ ಓದಿದ. ಮೂರು ಸಲ ತಪ್ಪು ಓಟಿಪಿ ಕೊಟ್ಟಿದ್ದರಿಂದ, ಸುರಕ್ಷತೆಗಾಗಿ ಈ ಖಾತೆಯನ್ನು ಇಪ್ಪತ್ತನಾಲ್ಕು ತಾಸು ಮುಚ್ಚಲಾಗಿದೆ.

ಸವಿತಾ ಬೆರಳು ಎಣಿಸಿದಳು. ಖಾತೆ ತೆರೆಯುವುದು ನಾಳೆ ಸಂಜೆ ನಾಲ್ಕೂ ನಲವತ್ತಕ್ಕೆ. ಶಿದ್ಲಿಂಗಪ್ಪನ ಕಣ್ಣಲ್ಲಿ ನೀರು ಬಂತು. “ಹಾವೇರಿದು ಛಲೋ ಆರಿಸಿದ್ದಿ ತಂಗೀ. ಹದಾ ಮಾಡಿದ ಹೊಲ ಅದು. ಅದನ್ನ ಹೇಳಾಕ ಬರಾಕತ್ತಿದ್ದೆ,” ಎಂದ. ಸವಿತಾ ಅವನನ್ನೇ ನೋಡಿದಳು. ಸಿಟ್ಟು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, ಕಡೆಗೆ ಅವಳಿಗೆ ನಗುವೇ ಬಂದುಬಿಟ್ಟಿತು.

ಆಗ ಬಾಗಿಲಲ್ಲಿ ಮಲ್ಲೇಶಪ್ಪ ಕಾಣಿಸಿಕೊಂಡ, ಕೈಯಲ್ಲಿ ಪೇಢೆಯ ಪೊಟ್ಟಣ. “ಶಿದ್ಲಿಂಗಣ್ಣ, ನಮ್ಮ ಹುಡುಗಂದೂ ಅದನ್ನ ಹಾಕಿಸಿದೆ ನೋಡು. ತುಮಕೂರಿಗೆ ಇಬ್ರೂ ಜೋಡಿ ಆದ್ರು. ಬಂದ ಮ್ಯಾಲೆ ಹೇಳ್ತೇನಿ ಅಂದಿದ್ದಿಯಲ್ಲ, ಈಗರ ಹೇಳಪಾ. ಈ ಸೈಬರ್ ಸೆಕ್ಯೂರಿಟಿ ಓದಿ ಏನ ಮಾಡ್ತಾರ?”

ಉತ್ತರ ಈಗ ಶಿದ್ಲಿಂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಬಾಯಿ ಮಾತ್ರ ಏಳಲಿಲ್ಲ. ಸವಿತಾಳೇ ಕಣ್ಣೊರೆಸಿಕೊಂಡು ಹೇಳಿದಳು.

“ಅಪ್ಪ ಇವತ್ತ ಬಸ್ಸಿನ್ಯಾಗ ಏನ ಮಾಡ್ಯಾನಲ್ಲ ಕಾಕಾ, ಅದನ್ನ ಮಾಡ್ತಾರ. ಆದ್ರ ಅವ್ರು ಪಗಾರ ತಗೊಂಡು, ಕಳ್ಳರಿಗೆ ಮಾಡ್ತಾರ.”